ನಮ್ಮ ತೋಟದಲ್ಲಿಲ್ಲದ ಹಣ್ಣು

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ, ಶಿರಸಿ ಪೇಟೆಯಿಂದ 14 ಕಿಲೋಮೀಟರ್ ಒಳಗಿರುವ ನಮ್ಮ ಮನೆಯ ಮೆತ್ತಿಯಲ್ಲಿ, ಅಂದರೆ ಮಹಡಿಯಲ್ಲಿ, ನೆಟ್‌ವರ್ಕ್ ಸಿಗುವ ಒಂದೇ ಒಂದು ಕಿಟಕಿಯ ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದು ಕಚೇರಿಯ ಮೀಟಿಂಗ್ ಕೇಳುತ್ತ ಕುಳಿತಿದ್ದೆ. ಅಂದು ನಮ್ಮ ಅಡಿಕೆ ತೋಟದಲ್ಲಿ ಕೊನೆಕೊಯ್ಲು, ಎಂದರೆ ಅಡಿಕೆ ಗೊನೆಗಳ ಕೊಯ್ಲು, ನಡೆದಿತ್ತು. ಕಿಟಕಿಯ ಆಚೆ, ಐವತ್ತು ಅಡಿಗೂ ಎತ್ತರದ ಮರದ ತುದಿಯಲ್ಲಿ, ಕೊನೆ ಕೊಯ್ಯುವ ಕೊನೆಗೌಡ ಕುಳಿತಿದ್ದ. ಒಂದು ಮರದ ಕೊನೆ ಕೊಯ್ದು ಮುಗಿಯುತ್ತಲೇ ಅವನು ಕೆಳಗಿಳಿಯುವುದಿಲ್ಲ. ಕುಳಿತ ಮರವನ್ನೇ ತೂಗಿ ತೂಗಿ ಪಕ್ಕದ ಮರವನ್ನು ಕೈಗೆ ಎಳೆದುಕೊಂಡು ಅದಕ್ಕೆ ದಾಟಿಬಿಡುತ್ತಾನೆ. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ಬಂದು ಕೆಳಗೆ ಹಗ್ಗ ಹಿಡಿದವನ ಕೈ ಸೇರುತ್ತದೆ. ಮೇಲಿನಿಂದ ಒಂದು ಕೂಗು, ಕೆಳಗಿನಿಂದ ಒಂದು ಓಗೊಡುವಿಕೆ, ಅಷ್ಟೇ ಅವರಿಬ್ಬರ ನಡುವಿನ ಮಾತು. ಇತ್ತ ನನ್ನ ಕಿವಿಯ ಇಯರ್‌ಫೋನ್ ಅದೇ ಹೊತ್ತಿಗೆ ಕೆಟ್ಟು, ಮೀಟಿಂಗಿನ ಮಾತುಗಳೆಲ್ಲ ಸ್ಪೀಕರಿನಲ್ಲಿ ಹೊರಬರತೊಡಗಿದವು. ಬೆಂಗಳೂರಿನಿಂದ ನಮ್ಮ ಮ್ಯಾನೇಜರು, ಈ ತಿಂಗಳು ನಾವೆಲ್ಲರೂ ಮೊದಲು ‘ಲೋ ಹ್ಯಾಂಗಿಂಗ್ ಫ್ರೂಟ್’ಗಳ ಮೇಲೆ ಗಮನ ಕೊಡಬೇಕು ಎಂದು ನಾಲ್ಕನೆಯ ಸಲ ಹೇಳುತ್ತಿದ್ದರು.

ಅಪ್ಪಯ್ಯ ಮೆತ್ತಿಯ ಮೂಲೆಯಲ್ಲಿದ್ದ ಹಳೆಯ ಗೋಣಿಚೀಲಗಳನ್ನು ಒಯ್ಯಲು ಬಂದಿದ್ದರು. ಮೀಟಿಂಗ್ ಮುಗಿಯುವವರೆಗೆ ಕಾದು ನಿಂತು ಕೇಳಿದರು: “ತಮಾ, ಅದೆಂತದೋ ಆ ಫ್ರೂಟು?”

ಕೆಳಗೆ ತೂಗುತ್ತಿರುವ, ಕೈ ಚಾಚಿದರೆ ಸಿಗುವ ಹಣ್ಣು ಎಂದು ಅರ್ಥ, ಸುಲಭದ ಕೆಲಸವನ್ನು ಮೊದಲು ಮುಗಿಸಿ ಎನ್ನುವುದಕ್ಕೆ ಹಾಗೆ ಹೇಳುತ್ತಾರೆ ಎಂದು ವಿವರಿಸಿದೆ. ಅವರು ಕಿಟಕಿಯಿಂದ ಹೊರಗೆ, ಮರದ ತುದಿಯಲ್ಲಿ ತೂಗುತ್ತಿದ್ದ ಕೊನೆಗೌಡನ ಕಡೆಗೊಮ್ಮೆ ನೋಡಿದರು. “ನಮ್ಮನೆ ತೋಟದಲ್ಲಿ ಎಲ್ಲಿದ್ದೋ ಅಂಥ ಹಣ್ಣು? ಸುಲಭದ ಕೆಲಸ ಹೇಳಿರೆ ಆಗ್ತಿಲ್ಯನ?” ಎಂದು, ಉತ್ತರಕ್ಕೂ ಕಾಯದೆ ಚೀಲಗಳನ್ನು ಹೆಗಲಿಗೇರಿಸಿ ಇಳಿದುಹೋದರು.

ಹದಿನೈದು ವರ್ಷಗಳಿಂದ ಕಚೇರಿಗಳ ಈ ಭಾಷೆಯನ್ನು ಕೇಳಿ ಒಳಗೊಳಗೇ ಹಲ್ಲು ಕಡಿಯುತ್ತ ಬಂದವನಿಗೆ ಅಪ್ಪಯ್ಯನ ಪ್ರಶ್ನೆ ಮುಟ್ಟಬೇಕಾದಲ್ಲಿಗೇ ಮುಟ್ಟಿತು. ಆದರೆ ಆಮೇಲೆ ಯೋಚಿಸಿದಾಗ, ನನ್ನ ಸಿಟ್ಟು ಪರಿಭಾಷೆಯ ಮೇಲೆ ಅಲ್ಲವೇ ಅಲ್ಲ ಎಂದೂ ತೋರಿತು. ಒಂದು ಕಸುಬಿನವರು ತಮ್ಮತಮ್ಮಲ್ಲಿ ಹೊರಗಿನವರಿಗೆ ತಿಳಿಯದ ಮಾತಾಡುವುದು ತಪ್ಪಾಗಿದ್ದರೆ ಅಪ್ಪಯ್ಯನೇ ಮೊದಲ ತಪ್ಪಿತಸ್ಥ. ಶಿರಸಿಯ ಅಡಿಕೆ ಮಾರುಕಟ್ಟೆಗೆ ಹೊಸಬರೊಬ್ಬರನ್ನು ಕರೆದೊಯ್ದು ನಿಲ್ಲಿಸಿದರೆ ಅವರಿಗೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕಾ ಎಂಬ ಮಾತುಗಳು ಯಾವುದೋ ಗುಪ್ತ ಸಂಘದ ಸಂಕೇತಗಳಂತೆ ಕೇಳಿಸಬಹುದು. ಆದರೆ ಅಲ್ಲಿನ ಪ್ರತಿಯೊಂದು ಶಬ್ದದ ಹಿಂದೆಯೂ ಕೈಯಲ್ಲಿ ಹಿಡಿದು ತೋರಿಸಬಹುದಾದ ಒಂದು ವಸ್ತುವಿದೆ. ಹಣ್ಣಾದ ಮೇಲೆ ಕೊಯ್ದು, ಸಿಪ್ಪೆಯ ಸಮೇತ ತಿಂಗಳೊಪ್ಪತ್ತು ಬಿಸಿಲಿನಲ್ಲಿ ಒಣಗಿಸಿ ಆಮೇಲೆ ಸುಲಿದರೆ ಅದು ಚಾಲಿ. ಹಸಿರಿದ್ದಾಗಲೇ ಕೊಯ್ದು, ಸುಲಿದು, ತೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸದಲ್ಲಿ, ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಚಾಲಿಯ ಗುಡ್ಡೆಯೊಳಗೆ ಕೆಳದರ್ಜೆಯ ನಾಲ್ಕು ಬಿಳಿಗೋಟು ಕಂಡರೂ ಟೆಂಡರ್ ಬರೆಯಲು ಬಂದ ವ್ಯಾಪಾರಿಯ ಹುಬ್ಬು ಗಂಟಿಕ್ಕುತ್ತದೆ, ದರ ಇಳಿಯುತ್ತದೆ. ತಪ್ಪು ಶಬ್ದ ಬಳಸಿದವನು ಸಂಜೆಯೊಳಗೆ ಅದರ ಬೆಲೆ ತೆರುತ್ತಾನೆ. ಮ್ಯಾನೇಜರು ‘ಸಿನರ್ಜಿ’ ಎಂದಾಗ ನಾನು ಕಾದು ನೋಡುವುದು ಇದನ್ನೇ: ಆ ಶಬ್ದ ತಪ್ಪಾದರೆ ಯಾರ ಜೇಬಿನಿಂದ ಎಷ್ಟು ಹೋಗುತ್ತದೆ? ಈವರೆಗೆ ಯಾರ ಜೇಬಿನಿಂದಲೂ ಒಂದು ಕಾಸು ಹೋದದ್ದನ್ನು ಕಂಡಿಲ್ಲ.

ಈ ರೋಗ ಇಂಗ್ಲಿಷಿನಿಂದ ಬಂತು, ಬೆಂಗಳೂರಿನಿಂದ ಬಂತು ಎಂದು ಹೇಳಿ ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ಮನೆಯಿಂದ ಕೆಲಸ ಮಾಡುವ ಈಗಿನ ನೌಕರಿ ಸಿಗುವುದಕ್ಕೆ ಮೊದಲು ನಾನು ಆರು ವರ್ಷ ಕಾರವಾರದಲ್ಲಿ, ಹೆಸರು ಹೇಳಬೇಕಾಗಿಲ್ಲದ ಒಂದು ಖಾಸಗಿ ಸಂಸ್ಥೆಯ ಶಾಖೆಯಲ್ಲಿದ್ದೆ. ಸರ್ಕಾರಿ ಕಚೇರಿಗಳೊಡನೆ ಪತ್ರವ್ಯವಹಾರ ಮಾಡುವುದು ಅಲ್ಲಿ ನನ್ನ ಪಾಲಿಗೆ ಬಂದ ಕೆಲಸ. ಕಾರವಾರ ಕಚೇರಿಗಳ ಊರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿ, ಕಾರವಾರವನ್ನು ಜಿಲ್ಲೆಯ ಮುಖ್ಯ ಸ್ಥಳವಾಗಿ ಮಾಡಿದ ಮೇಲೆ ಆ ಊರು ಬೆಳೆದದ್ದೇ ಕಡತಗಳ ಸುತ್ತ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆದರೂ ನಮ್ಮ ಕಡೆಯ ಹಳಬರ ಬಾಯಲ್ಲಿ ತಹಶೀಲ್ದಾರರ ಕಚೇರಿ ಬಹಳ ಕಾಲ ಮಾಮ್ಲೇದಾರ ಕಚೇರಿಯಾಗಿಯೇ ಉಳಿದಿತ್ತು. ಮರಾಠಿಯ ಪದರ, ಪಾರ್ಸಿಯ ಪದರ, ಇಂಗ್ಲಿಷಿನ ಪದರ, ಎಲ್ಲಕ್ಕೂ ಮೇಲೆ 1963ರ ರಾಜ್ಯಭಾಷಾ ಕಾಯ್ದೆಯ ನಂತರ ಬಂದ ಸಂಸ್ಕೃತದ ಪದರ: ಕಾರವಾರದ ಒಂದು ಸರ್ಕಾರಿ ಪತ್ರವನ್ನು ನಿಧಾನವಾಗಿ ಓದಿದರೆ ಜಿಲ್ಲೆಯ ಇತಿಹಾಸವನ್ನೇ ಓದಿದಂತಾಗುತ್ತದೆ, ನಿಮಗೆ ಬೇಕಾದ ಉತ್ತರವೊಂದು ಮಾತ್ರ ಅದರಲ್ಲಿ ಇರುವುದಿಲ್ಲ.

ಆ ಪತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ಶಬ್ದ ‘ಅವಗಾಹನೆ’. ‘ತಮ್ಮ ಅವಗಾಹನೆಗಾಗಿ ಸಲ್ಲಿಸಲಾಗಿದೆ’ ಎಂದು ದಿನಕ್ಕೆ ಹತ್ತು ಸಲ ಬರೆಯುತ್ತಿದ್ದ ನಾನು, ಒಂದು ಮಳೆಗಾಲದ ಮಧ್ಯಾಹ್ನ ಬೇರೆ ಕೆಲಸವಿಲ್ಲದೆ ನಿಘಂಟು ತೆರೆದೆ. ಸಂಸ್ಕೃತದಲ್ಲಿ ಅದಕ್ಕೆ ನೀರಿನಲ್ಲಿ ಮುಳುಗುವುದು, ಮಿಂದೇಳುವುದು ಎಂದು ಅರ್ಥ. ಅಲ್ಲಿಂದ ಮುಂದೆ, ಆಳಕ್ಕಿಳಿದು ತಿಳಿಯುವುದು. ಈಗಿನ ಕಂಪನಿಗಳವರು ಮಾತುಮಾತಿಗೆ ಹೇಳುವ ‘ಡೀಪ್ ಡೈವ್’ ಇದೇ ಅಲ್ಲವೆ? ಅವರಿಗಿಂತ ಎಷ್ಟೋ ಮೊದಲೇ ನಮ್ಮ ಗುಮಾಸ್ತರು ತಮ್ಮ ಸಾಹೇಬರನ್ನು ಕಡತದೊಳಗೆ ಮುಳುಗಿಸಿ ಏಳಿಸುತ್ತಿದ್ದರು. ಇನ್ನು ‘ವಿಲೇವಾರಿ’ ಎಂಬುದೊಂದಿದೆ. ಅರ್ಜಿಯನ್ನೂ ವಿಲೇವಾರಿ ಮಾಡುತ್ತಾರೆ, ಕಸವನ್ನೂ ವಿಲೇವಾರಿ ಮಾಡುತ್ತಾರೆ. ಅರ್ಜಿ ಕೊಟ್ಟವನಿಗೆ ಎರಡರ ನಡುವಿನ ವ್ಯತ್ಯಾಸ ಅನೇಕ ಸಲ ತಿಳಿಯುವುದಿಲ್ಲ.

ಶಬ್ದಗಳಿಗಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿದ್ದದ್ದು ಕ್ರಿಯಾಪದ. ‘ಪರಿಶೀಲಿಸಲಾಗುವುದು’, ‘ಕ್ರಮ ಕೈಗೊಳ್ಳಲಾಗುವುದು’, ‘ಗಮನಕ್ಕೆ ತರಲಾಗಿದೆ’. ಮನೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ಆಯಿ ಎಂದಾದರೂ ‘ದೋಸೆ ಎರೆಯಲಾಗುವುದು’ ಎಂದು ಹೇಳಿದರೆ ನಾವು ಅವರಿಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿಯೇವು. ಕನ್ನಡದ ಆಡುಮಾತಿನ ಕ್ರಿಯಾಪದದ ಬಾಲದಲ್ಲಿ ಸಾಮಾನ್ಯವಾಗಿ ಆಳಿನ ಗುರುತು ಇರುತ್ತದೆ: ಮಾಡುತ್ತೇನೆ ಎಂದರೆ ನಾನು, ಮಾಡುತ್ತಾಳೆ ಎಂದರೆ ಅವಳು, ಕರ್ತೃವನ್ನು ಬಿಟ್ಟು ಹೇಳಿದರೂ ಯಾರೆಂಬುದು ಕ್ರಿಯಾಪದದಿಂದಲೇ ತಿಳಿಯುತ್ತದೆ. ‘ಲಾಗುವುದು’ ಬಂದು ಸೇರಿತೆಂದರೆ ಆ ಗುರುತು ಅಳಿಸಿಹೋಗುತ್ತದೆ. ಕೆಲಸ ಇರುತ್ತದೆ, ಮಾಡುವವರು ಇರುವುದಿಲ್ಲ. ಈಗಿನ ನನ್ನ ಕಂಪನಿಯ ‘ಲೆಟ್ಸ್ ಟೇಕ್ ದಿಸ್ ಫಾರ್ವರ್ಡ್’ ಎಂಬ ಮಾತೂ ಇದರ ದಾಯಾದಿಯೇ. ಹನ್ನೆರಡು ಜನ ಆ ಮಾತಿಗೆ ತಲೆಯಾಡಿಸಿ ಪರದೆಯಿಂದ ಮಾಯವಾಗುತ್ತಾರೆ, ವಿಷಯ ಇದ್ದಲ್ಲೇ ಇರುತ್ತದೆ.

ಕೆಲವು ಮಾತುಗಳು ಮಾತ್ರ ನಮ್ಮೂರಿಗೆ ಬಂದ ಮೇಲೆ ತಮ್ಮ ಮೂಲಾರ್ಥಕ್ಕೆ ಮರಳುವುದನ್ನು ಕಂಡು ಖುಷಿಪಟ್ಟಿದ್ದೇನೆ. ‘ಬ್ಯಾಂಡ್‌ವಿಡ್ತ್’ ಎಂಬುದು ರೇಡಿಯೋ ಎಂಜಿನಿಯರುಗಳ ಶಬ್ದ. ಕಚೇರಿಯಲ್ಲಿ ಅದಕ್ಕೆ ಪುರುಸೊತ್ತು ಎಂದು ಅರ್ಥ. ಜುಲೈ ತಿಂಗಳಲ್ಲಿ ಮರ ಬಿದ್ದು ಕೇಬಲ್ ಹರಿದು ಮೂರು ದಿನ ಸಂಪರ್ಕವಿಲ್ಲದಾಗ, ಗುಡ್ಡದ ಮೇಲೆ ಹೋಗಿ ನಿಂತು ಫೋನಿನಲ್ಲಿ ‘ನನಗೆ ಬ್ಯಾಂಡ್‌ವಿಡ್ತ್ ಇಲ್ಲ’ ಎಂದು ಹೇಳಿದೆ. ಹಾಗಾದರೆ ಆ ಕೆಲಸವನ್ನು ಬೇರೆಯವರಿಗೆ ಕೊಡುತ್ತೇನೆ, ಒತ್ತಡ ಮಾಡಿಕೊಳ್ಳಬೇಡ ಎಂದು ಮ್ಯಾನೇಜರು ಬಹಳ ಕಕ್ಕುಲಾತಿಯಿಂದ ಹೇಳಿದರು. ‘ಡೆಡ್‌ಲೈನ್’ ಎಂಬುದರ ಹುಟ್ಟು ಇನ್ನೂ ಘೋರವಾದದ್ದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರ ಸುಮಾರಿಗೆ, ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ಕೈದಿಗಳಿಗೆ ಹಾಕಿದ್ದ ಗಡಿಗೆ ಆ ಹೆಸರಿತ್ತು; ಅದನ್ನು ದಾಟಿದವರಿಗೆ ಕಾವಲಿನವರು ಗುಂಡು ಹಾರಿಸುತ್ತಿದ್ದರು. ನಮ್ಮ ಕಂಪನಿಯ ಡೆಡ್‌ಲೈನುಗಳನ್ನು ನಾವು ವಾರಕ್ಕೆರಡು ಸಲ ದಾಟಿ ಮಧ್ಯಾಹ್ನದ ಊಟಕ್ಕೆ ಹೋಗುತ್ತೇವೆ.

ಇನ್ನು ಸಹೋದ್ಯೋಗಿಗಳು. ಬರಿಯ ‘ಹಾಯ್’ ಎಂದು ಬರೆದು, ನಾವು ಉತ್ತರಿಸುವವರೆಗೆ ಮುಂದೇನೂ ಹೇಳದೆ ಸುಮ್ಮನಾಗುವವರೊಬ್ಬರಿದ್ದಾರೆ. ಬಾಗಿಲು ಬಡಿದು ಕಂಬದ ಮರೆಗೆ ಹೋಗಿ ನಿಲ್ಲುವ ಮಕ್ಕಳಂತೆ. ನಲವತ್ತು ಜನರಿಗೆ ಬಂದ ಮೇಲ್‌ಗೆ ನಲವತ್ತು ಜನರಿಗೂ ತಲುಪುವಂತೆ ‘ನೋಟೆಡ್’ ಎಂದು ಉತ್ತರ ಕಳಿಸುವವರಿದ್ದಾರೆ. ಬೇರೆಯವರು ಹೇಳಿ ಮುಗಿಸಿದ್ದನ್ನೇ ‘ಅದಕ್ಕೆ ಒಂದು ಮಾತು ಸೇರಿಸುವುದಾದರೆ’ ಎಂದು ಮೊದಲಿನಿಂದ ಹೇಳುವವರ ಬಗ್ಗೆ ನಾನು ಏನೂ ಹೇಳಲಾರೆ, ಏಕೆಂದರೆ ನಮ್ಮೂರಿನ ಪ್ರತಿಯೊಂದು ಸಭೆಯಲ್ಲೂ ಅಂಥವರು ಇಬ್ಬರಾದರೂ ಇರುತ್ತಾರೆ, ಒಬ್ಬರು ನಮ್ಮ ಸ್ವಂತ ದೊಡ್ಡಪ್ಪ.

ಆದರೆ ಕಾರವಾರದ ಆರು ವರ್ಷಗಳಲ್ಲಿ ನನ್ನ ತಾಳ್ಮೆಯನ್ನು ದಿನನಿತ್ಯ ಪರೀಕ್ಷಿಸಿದವನು ಒಬ್ಬನೇ. ವಯಸ್ಸಿನಲ್ಲಿ ನನಗಿಂತ ಕಿರಿಯ. ಅಂಕೋಲೆಯ ಕಡೆಯ ಹಳ್ಳಿಯಿಂದ ಹೆದ್ದಾರಿಯ ಬಸ್ಸಿನಲ್ಲಿ ದಿನಾ ಬಂದುಹೋಗುತ್ತಿದ್ದ. ಹುಬ್ಬಳ್ಳಿಯ ವಿಭಾಗೀಯ ಕಚೇರಿಯವರ ಜೊತೆ ಫೋನಿನಲ್ಲಿ ಸಭೆ ನಡೆಯುವಾಗ ಅವನ ಬಾಯಿಂದ ಆ ಮಾತುಗಳು ಬರುತ್ತಿದ್ದ ವೇಗವನ್ನು ಕೇಳಿಯೇ ನಂಬಬೇಕು. ‘ಅಲೈನ್’ ಆಗುತ್ತಿದ್ದ, ‘ಸರ್ಕಲ್ ಬ್ಯಾಕ್’ ಮಾಡುತ್ತಿದ್ದ, ಯಾವುದನ್ನು ಕೇಳಿದರೂ ‘ಆಫ್‌ಲೈನ್’ ಒಯ್ಯುತ್ತಿದ್ದ. ಮೀನಿನ ಲಾರಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದರೂ ಇವನು ‘ವ್ಯಾಲ್ಯೂ ಆಡ್’ ಮಾಡಿಯೇ ಉತ್ತರಿಸುತ್ತಾನೆ ಎಂದು ನಾವು ನಗುತ್ತಿದ್ದೆವು. ನಗುವವರಲ್ಲಿ ನಾನೇ ಮುಂದಿದ್ದೆ ಎಂಬುದನ್ನು ಇಲ್ಲಿ ಬರೆಯದಿದ್ದರೆ ಮುಂದಿನದನ್ನು ಬರೆಯುವ ಹಕ್ಕು ನನಗಿರುವುದಿಲ್ಲ.

ಒಂದು ಜುಲೈ ಸಂಜೆ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು. ಮನೆಗೆ ಹೋಗಲು ದಾರಿಯಿಲ್ಲದೆ ನಿಂತಿದ್ದವನನ್ನು ಕೋಡಿಬಾಗದಲ್ಲಿದ್ದ ನನ್ನ ಬಾಡಿಗೆ ಕೋಣೆಗೆ ಕರೆದೊಯ್ದೆ. ಬಸ್ ನಿಲ್ದಾಣದಲ್ಲಿ ಎರಡು ತಾಸು ಕಾದಿದ್ದ ಅವನ ಚೀಲ ಪೂರ್ತಿ ನೆನೆದಿತ್ತು. ಒಳಗಿನ ಕಾಗದಪತ್ರಗಳನ್ನು ಒಂದೊಂದಾಗಿ ತೆಗೆದು ಫ್ಯಾನಿನ ಕೆಳಗೆ ನೆಲದ ಮೇಲೆ ಹರವಿದೆವು. ಅದರಲ್ಲಿ ನೀಲಿ ರಟ್ಟಿನ ಒಂದು ನೂರು ಪುಟದ ನೋಟ್‌ಬುಕ್ ಇತ್ತು. ಪುಟಗಳು ಅಂಟಿಕೊಳ್ಳಬಾರದೆಂದು ನಾನೇ ಬಿಡಿಸಿ ಇಡಲು ಹೋದೆ. ಪ್ರತಿ ಪುಟದ ನಡುವೆ ಸ್ಕೇಲಿನಿಂದ ಎಳೆದ ಗೆರೆ. ಎಡಗಡೆ ಇಂಗ್ಲಿಷಿನ ಮಾತುಗಳು, ಬಲಗಡೆ ದುಂಡಾದ ಕನ್ನಡ ಅಕ್ಷರಗಳಲ್ಲಿ ಅರ್ಥ ಮತ್ತು ಅದನ್ನು ಬಳಸುವ ಸಂದರ್ಭ. ಕಪ್ಪು ಶಾಯಿ ಅಲ್ಲಲ್ಲಿ ನೀರಿಗೆ ಹರಡಿ ನೇರಳೆಯಾಗಿತ್ತು. ‘ಸರ್ಕಲ್ ಬ್ಯಾಕ್’ ಎಂಬುದರ ಎದುರಿಗೆ, ‘ಆಮೇಲೆ ಹೇಳುತ್ತೇನೆ. ಉತ್ತರ ಗೊತ್ತಿಲ್ಲದಾಗ.’ ‘ಟೇಕ್ ಇಟ್ ಆಫ್‌ಲೈನ್’ ಎಂಬುದರ ಎದುರಿಗೆ, ‘ಇಲ್ಲಿ ಬೇಡ. ಎಲ್ಲರ ಮುಂದೆ ಬೈಗುಳ ಬೀಳುವ ಮೊದಲು.’ ‘ಟಚ್ ಬೇಸ್’ ಎಂಬುದರ ಎದುರಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇತ್ತು.

ನಾನು ಓದಿದ್ದನ್ನು ಅವನು ನೋಡಿದ. “ಹೆಗಡೇರೆ, ನಿಮ್ಗೆ ನಗು ಬರ್ತದೆ, ಗೊತ್ತು ನಂಗೆ,” ಎಂದ. ಅವನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಬರೆಯುವುದನ್ನು ಕಲಿತನೇ ಹೊರತು ಮಾತಾಡುವ ಪ್ರಸಂಗ ಬಂದಿರಲಿಲ್ಲ. ನೌಕರಿಗೆ ಸೇರಿದ ಮೊದಲ ತಿಂಗಳಲ್ಲಿ, ಹುಬ್ಬಳ್ಳಿಯ ಸಾಹೇಬರು ಕೇಳಿದ ಒಂದು ಪ್ರಶ್ನೆಗೆ ಸ್ವಂತ ವಾಕ್ಯ ಕಟ್ಟಲು ಹೋಗಿ ನಡುವೆ ಕ್ರಿಯಾಪದ ಸಿಗದೆ ನಿಂತುಬಿಟ್ಟನಂತೆ. ಆ ಕಡೆಯಿಂದ ಯಾರೋ ನಕ್ಕರಂತೆ. ಸ್ವಂತ ವಾಕ್ಯವಾದರೆ ಎಲ್ಲಿ ತಪ್ಪುತ್ತದೋ ಎಂಬ ಭಯ, ಇವಾದರೆ ಸಾಹೇಬರೇ ಆಡುವ ಮಾತುಗಳು, ಇವುಗಳಲ್ಲಿ ವ್ಯಾಕರಣ ತಪ್ಪುವ ಸಂಭವವೇ ಇಲ್ಲ ಎಂದು ಅವನು ಬಹಳ ಸಹಜವಾಗಿ ವಿವರಿಸಿದ. ಅಂಕೋಲೆಯಿಂದ ಕಾರವಾರಕ್ಕೆ ಬರುವ ಬಸ್ಸಿನಲ್ಲಿ ದಿನಕ್ಕೆ ಎರಡು ಮಾತು ಬಾಯಿಪಾಠ ಮಾಡುತ್ತಿದ್ದನಂತೆ. ಆ ರಾತ್ರಿ ಅವನು ಕಾಳಿ ನದಿಯ ಬಗ್ಗೆ, ಹಿನ್ನೀರಿನ ಅಂಚಿನಲ್ಲಿದ್ದ ತನ್ನ ಅಜ್ಜನ ಗಜನಿ ಭೂಮಿಯ ಬಗ್ಗೆ, ಉಪ್ಪುನೀರು ನುಗ್ಗಿದರೆ ಬತ್ತಕ್ಕೆ ಏನಾಗುತ್ತದೆ ಎಂಬುದರ ಬಗ್ಗೆ ಹನ್ನೊಂದು ಗಂಟೆಯವರೆಗೆ ಮಾತಾಡಿದ. ಅಷ್ಟು ಹೊತ್ತಿನ ಮಾತಿನಲ್ಲಿ ಅರ್ಥವಾಗದ ವಾಕ್ಯ ಒಂದೂ ಇರಲಿಲ್ಲ.

ಇದಾದ ಮೇಲೆ ನಾನು ಬದಲಾದೆ ಎಂದು ಬರೆದರೆ ಸುಳ್ಳಾಗುತ್ತದೆ. ಮುಂದಿನ ಸೋಮವಾರ ಅವನು ‘ಗೋಯಿಂಗ್ ಫಾರ್ವರ್ಡ್’ ಎಂದು ಶುರುಮಾಡಿದಾಗ ನನ್ನ ಹಲ್ಲು ಮೊದಲಿನಂತೆಯೇ ಕಡಿಯಿತು. ಭಯದಿಂದ ಆಡಿದ ಟೊಳ್ಳು ಮಾತೂ ಕೇಳುವವರ ಹೊತ್ತನ್ನು ಅಷ್ಟೇ ತಿನ್ನುತ್ತದೆ. ಯಾವ ಕೆಲಸ ಯಾರದ್ದೆಂದು ತಿಳಿಯದೆ ಒಂದು ಟೆಂಡರಿನ ದಿನಾಂಕ ತಪ್ಪಿಹೋದಾಗ ಅವನ ನೋಟ್‌ಬುಕ್ಕನ್ನು ನೆನೆದು ಯಾರೂ ನಮ್ಮನ್ನು ಕ್ಷಮಿಸಲಿಲ್ಲ. ನಗುವುದನ್ನು ಮಾತ್ರ ಬಿಟ್ಟೆ. ನಾನು ಪತ್ರಗಳಲ್ಲಿ ‘ಅವಗಾಹನೆ’ ಎಂದು ಬರೆಯುತ್ತಿದ್ದದ್ದೂ ಇನ್ನೇತಕ್ಕೂ ಅಲ್ಲ, ‘ನಿಮಗೆ ತಿಳಿಸುತ್ತಿದ್ದೇನೆ’ ಎಂದು ನೇರವಾಗಿ ಬರೆದರೆ ಸಾಹೇಬರು ಸಿಟ್ಟಾದಾರು ಎಂಬ ಅಂಜಿಕೆಯಿಂದ ಎಂದು ಆಗಲೇ ಹೊಳೆದದ್ದು. ನನ್ನ ನೋಟ್‌ಬುಕ್ ಒದ್ದೆಯಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅಷ್ಟೇ.

ಅಂಜಿಕೆಯಿಲ್ಲದ ಜಾಗದಲ್ಲೂ ಈ ಭಾಷೆ ಕೈಬಿಡುವುದಿಲ್ಲ ಎಂಬುದಕ್ಕೆ ಸಾಕ್ಷಿ ಈ ವರ್ಷದ ಮಳೆಗಾಲದಲ್ಲಿ ಸಿಕ್ಕಿತು. ನಮ್ಮ ಕೇರಿಯ ಏಳು ಮನೆಗಳಿಗೆ ಗುಡ್ಡದ ಮೇಲಿನಿಂದ ಪೈಪಿನಲ್ಲಿ ಅಬ್ಬಿ ನೀರು, ಅಂದರೆ ಹಳ್ಳದ ನೀರು, ಇಳಿದು ಬರುತ್ತದೆ. ಜೂನ್ ಕೊನೆಯಲ್ಲಿ ಮಳೆ ಹಿಡಿದು ಪೈಪಿನ ಬಾಯಿಗೆ ದರಕು, ಅಂದರೆ ತರಗೆಲೆ, ತುಂಬಿ ನೀರು ನಿಂತಿತು. ಅದರ ಲೆಕ್ಕಪತ್ರ ನೋಡಿಕೊಳ್ಳುವ ಜವಾಬ್ದಾರಿ ಊರಿಗೆ ಮರಳಿದಾಗಿನಿಂದ ನನ್ನದು. ಕೇರಿಯ ವಾಟ್ಸಾಪ್ ಗುಂಪಿಗೆ ನಾನು ಹೀಗೆ ಬರೆದೆ: ‘ಅಬ್ಬಿ ನೀರಿನ ಸರಬರಾಜಿನಲ್ಲಿ ಉಂಟಾಗಿರುವ ವ್ಯತ್ಯಯವನ್ನು ಗಮನಿಸಲಾಗಿದ್ದು, ಶೀಘ್ರದಲ್ಲಿಯೇ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಬರೆದು ಮುಗಿಸಿ, ಚೆನ್ನಾಗಿ ಬಂತೆಂದು ನನಗೇ ಅನ್ನಿಸಿತ್ತು.

ಅಪ್ಪಯ್ಯ ಜಗಲಿಯಲ್ಲಿ ಕುಳಿತು, ಫೋನನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದು ಎರಡು ಸಲ ಓದಿದರು. “ಯಾರು ಮಾಡ್ತ ಹೇಳಿ ಬರದ್ದೇ ಇಲ್ಯಲೋ ಇದ್ರಲ್ಲಿ?”

ಅಳಿಸಿ ಮತ್ತೆ ಬರೆದೆ. ‘ಪೈಪಿಗೆ ದರಕು ಕಟ್ಟಿದೆ. ಶನಿವಾರ ಬೆಳಿಗ್ಗೆ ನಾನು ಹೋಗಿ ತೆಗೆಯುತ್ತೇನೆ. ಒಬ್ಬರು ಜೊತೆಗೆ ಬರಬೇಕು.’ ಮೊದಲಿನ ಸಂದೇಶಕ್ಕೆ ಅಷ್ಟರಲ್ಲೇ ನಾಲ್ಕು ಮನೆಯವರು ಕೈ ಮುಗಿಯುವ ಚಿತ್ರ ಹಾಕಿದ್ದರು. ಎರಡನೆಯದಕ್ಕೆ ಸಂಜೆಯವರೆಗೆ ಯಾರೂ ಏನೂ ಹೇಳಲಿಲ್ಲ. ಕೊನೆಗೆ ಪಕ್ಕದ ಮನೆಯ ಮಾಣಿಯೊಬ್ಬ, ಕಾಲೇಜಿಗೆ ರಜೆ ಇದ್ದವನು, ತಾನು ಬರುತ್ತೇನೆ ಎಂದ.

ಶನಿವಾರ ಬೆಳಿಗ್ಗೆ ಏಳೂವರೆಗೆ, ಮೊಣಕಾಲವರೆಗೆ ಹಳ್ಳದ ನೀರಿನಲ್ಲಿ ನಿಂತು ಪೈಪಿನ ಬಾಯಿಂದ ಕೊಳೆತ ಎಲೆಗಳನ್ನು ಕೈಯಲ್ಲಿ ಬಾಚಿ ತೆಗೆಯುತ್ತಿದ್ದೆ. ಎಡಗಾಲಿಗೆ ಎರಡು ಉಂಬಳ ಹತ್ತಿದ್ದವು. ಅವನ್ನು ಬಿಡಿಸಲು ಬೇಕಾದ ಸುಣ್ಣದ ಡಬ್ಬಿಯನ್ನು ಮಾಣಿ ಮರೆತು ಬಂದಿದ್ದ. ಗುಡ್ಡದ ಮೇಲೆ ನೆಟ್‌ವರ್ಕ್ ಚೆನ್ನಾಗಿರುತ್ತದೆ. ದಂಡೆಯ ಕಲ್ಲಿನ ಮೇಲೆ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದ ಫೋನು ಒಮ್ಮೆ ಗುರ್ ಎಂದಿತು. ತುರ್ತೇನಾದರೂ ಇದ್ದೀತು, ನೋಡಿ ಹೇಳು ಎಂದು ಮಾಣಿಗೆ ಹೇಳಿದೆ.

ಅವನು ಕೈ ಒರೆಸಿಕೊಂಡು ನೋಡಿದ. “ಯಾರೋ ‘ಹಾಯ್’ ಹೇಳಿ ಕಳ್ಸಿದ್ದ,” ಎಂದ. “ಮುಂದೆಂತೂ ಬರದ್ದೇ ಇಲ್ಲೆ.”